ಗೋಲಿ ಡಬ್ಬಿ, 6ನೇ ವಾರ: ಕೊನೆಗೂ ಒಂದೊಂದೇ ಬೀಳ್ತಿದೆ

ನಿನ್ನೆ ರಾತ್ರಿ ಸತತ 40 ಸಲ ಬಟನ್ ಒತ್ತಿದೆ. 40 ಸಲವೂ ಒಂದೇ ಗೋಲಿ, ಒತ್ತಿದ ಕೂಡಲೇ, ಟಣ್ ಅಂತ ಗಾಜಿನ ಬಾಟಲಿಗೆ. ಖುಷಿಗೆ ನಿದ್ದೆಯೇ ಬರಲಿಲ್ಲ.

ಈ ಡಬ್ಬಿಯ ಕೆಲಸ ಇಷ್ಟೇ: ಮಗ ಒಂದು ಲೆಕ್ಕ ಮುಗಿಸಿ ಬಟನ್ ಒತ್ತಬೇಕು, ಒಂದು ಗೋಲಿ ಬೀಳಬೇಕು. ಅವನಿಗೆ 8 ವರ್ಷ, ಎಡಿಎಚ್‌ಡಿ (ಗಮನ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟವಾಗುವ ಸ್ಥಿತಿ) ಇದೆ. ನ್ಯಾನೋ ಬೋರ್ಡ್ (ಪುಟ್ಟ ಕಂಪ್ಯೂಟರ್ ಹಲಗೆ), ಸರ್ವೋ (ಹೇಳಿದಷ್ಟೇ ತಿರುಗುವ ಸಣ್ಣ ಮೋಟರ್), ಕೋಡ್ ಎಲ್ಲ ಮಾಮೂಲಿ.

ಕಾಡಿದ್ದು ತಡ. ಗೋಲಿ ಸಿಕ್ಕಿಕೊಂಡು 10 ಸೆಕೆಂಡ್ ಬಿಟ್ಟು ಬೀಳ್ತಿತ್ತು. ಅಷ್ಟರಲ್ಲಿ ಮಗ ಹಿತ್ತಲಲ್ಲಿ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಕಾಯುವುದೇ ಹಿಂಸೆ. ಬಹುಮಾನ ತಡವಾದಷ್ಟೂ ಅದರ ಬೆಲೆ ಬೇಗ ಇಳಿದುಹೋಗುತ್ತದೆ. ‘ಭಾನುವಾರ ದೇವರಾಯನದುರ್ಗಕ್ಕೆ ಹೋಗೋಣ’ ಅಂತ ಸೋಮವಾರ ಹೇಳಿದರೆ ಅವನು ಯಾಕೆ ಪುಸ್ತಕ ತೆಗೆಯುತ್ತಿರಲಿಲ್ಲ ಅಂತ ಈಗ ಅರ್ಥವಾಗುತ್ತದೆ. ಸೋಮಾರಿ ಅಂತ ಬೈದಿದ್ದೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ತಪ್ಪು ಇದ್ದದ್ದು ಒಂದೊಂದೇ ಗೋಲಿಯನ್ನು ತೂತಿನಲ್ಲಿ ಹಿಡಿದು ಕೆಳಗೆ ಬಿಡುವ, ತಿರುಗುವ ಬಿಲ್ಲೆಯಲ್ಲಿ. 18 ಎಂಎಂ ದಪ್ಪದ ಪ್ಲೈವುಡ್‌ನಲ್ಲಿ ಕೊರೆದಿದ್ದೆ, ಗೋಲಿ 16 ಎಂಎಂ. ಮೇಲಿನ ಗೋಲಿ 2 ಎಂಎಂ ಒಳಗೆ ಇಳಿದು, ಬಿಲ್ಲೆ ತಿರುಗುವಾಗ ಅಡ್ಡ ಸಿಕ್ಕಿಕೊಳ್ತಿತ್ತು. ತುಮಕೂರಿನ ಬಿ.ಎಚ್. ರಸ್ತೆಯಿಂದ 12 ಎಂಎಂ ಪ್ಲೈ ತಂದು, 4 ಎಂಎಂ ಅಕ್ರಿಲಿಕ್ ಅಂಟಿಸಿದೆ. ಸರ್ವೋ ನಡುಗದಂತೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಮುಗೀತು.

ಗೋಲಿ ಕಳಿಸಿದವರ ಮೇಲೆ ಮಾತ್ರ ಸಿಟ್ಟು ಹೋಗಿಲ್ಲ. ‘ಎಲ್ಲ ಒಂದೇ ಅಳತೆ’ ಅಂತ ಬರೆದಿದ್ದರು. ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದರೆ 15.2ರಿಂದ 16.9 ಎಂಎಂ! ಹಲಗೆಯಲ್ಲಿ 16 ಎಂಎಂ ತೂತು ಕೊರೆದು, ದಪ್ಪನೆಯವನ್ನು ಬೇರೆ ಮಾಡಬೇಕಾಯಿತು. ಲೋಹದ ಗೇರ್ ಸರ್ವೋ ಕೇಳಿದರೆ ಪ್ಲಾಸ್ಟಿಕ್‌ದು ಬಂತು.

ಇವತ್ತು ಬೆಳಿಗ್ಗೆ ಮಗ ಏಳು ಲೆಕ್ಕ ಮಾಡಿದ. ಪ್ರತಿ ಟಣ್‌ಗೂ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡ್ತಿದ್ದ. ಡಾಕ್ಟರು ಹೇಳಿದ ಚಿಕಿತ್ಸೆ ಹಾಗೇ ನಡೀತಿದೆ. ಇದು ಅದರ ಜೊತೆಗೆ, ಅದರ ಬದಲು ಅಲ್ಲ.

ಮುಂದಿನದು ಅಕ್ಕನ ಮಗಳಿಗೆ. 14 ವರ್ಷ, ಖಿನ್ನತೆ. ಅವಳಿಗೆ ಗೋಲಿ ನಡೆಯೋದಿಲ್ಲ, ಬಹುಮಾನ ಕೈಗೆ ಬಂದರೂ ಖುಷಿಯೇ ತಟ್ಟುವುದಿಲ್ಲ. ಮನಸ್ಸು ಬರಲಿ ಅಂತ ಕಾಯದೆ ಸಣ್ಣದೊಂದನ್ನು ಮೊದಲು ಮಾಡುವುದು, ಮನಸ್ಸು ಆಮೇಲೆ ಹಿಂದೆ ಬರುತ್ತದೆ ಅನ್ನೋದು ಆಪ್ತ ಸಲಹೆಯ ದಾರಿ. ಮೊದಲು ಅವಳು ಅಮಾನಿಕೆರೆಯಲ್ಲಿ ಹಕ್ಕಿಗಳ ಫೋಟೋ ತೆಗೆಯುತ್ತಿದ್ದಳು. ದಿನಕ್ಕೆ ಒಂದೇ ಫೋಟೋ, ಅಲ್ಲೇ ಕಾಗದದ ಮೇಲೆ ಬರುವಂಥ ಡಬ್ಬಿ ಮಾಡ್ತೀನಿ. ‘ಮಾವ, ಡಬ್ಬಿ ಬಣ್ಣ ನಾನು ಆರಿಸ್ತೀನಿ’ ಅಂದಿದ್ದಾಳೆ. 58 ಎಂಎಂ ಥರ್ಮಲ್ ಪ್ರಿಂಟರ್ (ಬಿಸಿಯಿಂದ ಕಾಗದದ ಮೇಲೆ ಮುದ್ರಿಸುವಂಥದ್ದು) ಗುರುವಾರ ಬರಬೇಕು.