ಸೂಪರ್‌ನೋವಾ ಯಾವ ಸೀಮೆಯದ್ದು?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಂಗಳದಲ್ಲಿ ದೂರದರ್ಶಕ ಹೂಡಿದರೆ ಸಾಕು, ಬಂದವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಟೈಪ್ 1ಎ ಸೂಪರ್‌ನೋವಾ ಎಲ್ಲಿ ಸಿಡಿದರೂ ಬೆಳಕು ಒಂದೇ ಅಂತೀರಿ. ಮತ್ತೆ ಯಾವ ಗ್ಯಾಲಕ್ಸಿಯದ್ದು ಅಂತ ಯಾಕೆ ತಲೆ ಕೆಡಿಸ್ಕೊಳ್ತೀರಿ?"

ಒಂದೇ ಅಲ್ಲ ಮಾರಾಯ್ರೆ, ಒಂದೇ ಅಲ್ಲ.

ಸೂಪರ್‌ನೋವಾ ಅಂದರೆ ನಕ್ಷತ್ರದ ಸ್ಫೋಟ. ಟೈಪ್ 1ಎಯಲ್ಲಿ ಸಿಡಿಯುವುದು ಶ್ವೇತಕುಬ್ಜ, ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ತಿರುಳು. ಸ್ಫೋಟದಲ್ಲಿ ಹುಟ್ಟಿದ ನಿಕಲ್-56 ಕೋಬಾಲ್ಟ್ ಆಗಿ, ಆಮೇಲೆ ಕಬ್ಬಿಣವಾಗುವಾಗ ಹೊಮ್ಮುವ ಕಾವೇ ನಮಗೆ ಕಾಣುವ ಬೆಳಕು. ನಿಕಲ್ ಜಾಸ್ತಿ ಇದ್ದರೆ ಬೆಳಕೂ ಜಾಸ್ತಿ. ಪ್ರಖರವಾದದ್ದು ನಿಧಾನಕ್ಕೆ ಆರುತ್ತದೆಂದು 1993ರಲ್ಲಿ ಖಗೋಳವಿಜ್ಞಾನಿ ಮಾರ್ಕ್ ಫಿಲಿಪ್ಸ್ ತೋರಿಸಿಕೊಟ್ಟರು. ಆರುವ ವೇಗ, ಬಣ್ಣ ಎರಡನ್ನೂ ನೋಡಿ ಲೆಕ್ಕ ಸರಿಪಡಿಸಿದರೆ ಅಸಲು ಪ್ರಖರತೆ ತಿಳಿಯುತ್ತದೆ; ನಮಗೆ ಎಷ್ಟು ಮಂಕಾಗಿ ಕಾಣುತ್ತದೆಂದು ಅದಕ್ಕೆ ಹೋಲಿಸಿದರೆ ದೂರ ಸಿಗುತ್ತದೆ. ವಿಶ್ವ ಹಿಗ್ಗುವ ವೇಗ ಏರುತ್ತಿದೆ ಎಂದು 1998ರಲ್ಲಿ ಗೊತ್ತಾದದ್ದು ಹೀಗೆ.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ನೋಡಿ. ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡಿಯೇ ಒಯ್ದಿರುತ್ತೇವೆ. ಆದರೂ ವ್ಯಾಪಾರಿ ಚೀಲಕ್ಕೆ ಕೈಹಾಕಿ ಒಂದು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಸೀಳಿ, ಒಳಗಿನ ಗೆರೆ ನೋಡಿ, "ಯಾವ ಕಡೆ ತೋಟ?" ಅನ್ನುತ್ತಾನೆ. ಖಗೋಳದವರಿಗೂ ಇದೇ ಗತಿ ಬಂತು.

ಹೊಸ ನಕ್ಷತ್ರ ಹುಟ್ಟುತ್ತಿರುವ ಸುರುಳಿ ಗ್ಯಾಲಕ್ಸಿಗಳಲ್ಲಿ ಪ್ರಖರ ಸೂಪರ್‌ನೋವಾ ಹೆಚ್ಚು. ಮುದಿ ನಕ್ಷತ್ರಗಳೇ ತುಂಬಿದ ದೀರ್ಘವೃತ್ತದ ಗ್ಯಾಲಕ್ಸಿಗಳಲ್ಲಿ ಸರಾಸರಿ ಮಂಕು, ಬೇಗ ಆರುವಂಥವು. ಇಷ್ಟಾದರೆ ತೊಂದರೆಯಿಲ್ಲ, ತಿದ್ದುಪಡಿ ಅದನ್ನು ನುಂಗಿಕೊಳ್ಳುತ್ತದೆ. ಆದರೆ 2010ರ ಹೊತ್ತಿಗೆ ಬೇರೆ ಬೇರೆ ತಂಡಗಳು ಕಂಡದ್ದೇ ಬೇರೆ: ತಿದ್ದಿದ ಮೇಲೆ ಎಲ್ಲ ತಿರುವುಮುರುವು. ಸೂರ್ಯನ ಸುಮಾರು ಸಾವಿರ ಕೋಟಿ ಪಟ್ಟಿಗಿಂತ ಭಾರದ ಗ್ಯಾಲಕ್ಸಿಗಳ ಸೂಪರ್‌ನೋವಾ, ಹಗುರ ಗ್ಯಾಲಕ್ಸಿಗಳದ್ದಕ್ಕಿಂತ ಶೇ. 6ರ ಆಸುಪಾಸು ಹೆಚ್ಚು ಪ್ರಖರ! ದೀರ್ಘವೃತ್ತದವು ಹೆಚ್ಚಾಗಿ ಈ ಭಾರದ ಗುಂಪಿನವೇ, ಅಂದರೆ ಮೊದಲು ಮಂಕಾಗಿದ್ದದ್ದೇ ಈಗ ಮುಂದೆ. ಸಣ್ಣ ವ್ಯತ್ಯಾಸವೇ, ಆದರೆ ವಿಶ್ವದ ಲೆಕ್ಕ ಹಾಕುವಾಗ ಬಿಡುವಂಥದ್ದಲ್ಲ. ಅದಕ್ಕೇ ಈಗ ಗ್ಯಾಲಕ್ಸಿಯ ಭಾರವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ.

ಕಾರಣ? ಸಿಡಿದ ನಕ್ಷತ್ರದ ವಯಸ್ಸು ಅಂತ ಒಂದು ಪಂಗಡ, ಗ್ಯಾಲಕ್ಸಿಯ ಧೂಳು ಅಂತ ಇನ್ನೊಂದು. ಜಗಳ ಮುಗಿದಿಲ್ಲ. ನನ್ನ ಒಲವು ಧೂಳಿನ ಕಡೆ. ಧೂಳು ಬೆಳಕನ್ನು ಮಂಕು ಮಾಡುತ್ತದೆ, ಕೆಂಪಾಗಿಸುತ್ತದೆ. ಎಲ್ಲ ಊರಿನ ಧೂಳೂ ಒಂದೇ ಥರ ಅಂದುಕೊಂಡು ಬಣ್ಣ ತಿದ್ದಿದರೆ ಲೆಕ್ಕ ತಪ್ಪದೆ ಇರುತ್ತದೆಯೇ? ಧೂಳಿನ ಕೈವಾಡಕ್ಕೆ ಉದಾಹರಣೆ ಬೇಕಾದರೆ ಎರಡಿವೆ. 2011ರದ್ದು 2.1 ಕೋಟಿ ಜ್ಯೋತಿರ್ವರ್ಷ ದೂರದ ಎಂ101 ಗ್ಯಾಲಕ್ಸಿಯಲ್ಲಿ, ಎದುರಿಗೆ ಧೂಳೇ ಇಲ್ಲವೆನ್ನಬಹುದು. 2014ರದ್ದು 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82ರಲ್ಲಿ, ದಟ್ಟ ಧೂಳಿನ ಹಿಂದೆ. ಹತ್ತಿರದ್ದೇ ನಮಗೆ ಮಂಕಾಗಿ ಕಂಡಿತು.

ಕಂಡಿತು ಅಂದರೆ, ಎರಡನೆಯದು ಮಾತ್ರ. ಜನವರಿಯ ಚಳಿಯಲ್ಲಿ, ಬಡಗು ದಿಕ್ಕಿಗೆ ಅಡಿಕೆ ಮರ ಅಡ್ಡವಾದ್ದರಿಂದ ದೂರದರ್ಶಕ ಹೊತ್ತು ಗದ್ದೆಬಯಲಿಗೆ ಹೋಗಿ ನೋಡಿದ ಸಣ್ಣ ಚುಕ್ಕಿ. 2011ರದ್ದು ಬೆಳಗಿದ್ದು ಸೆಪ್ಟೆಂಬರಿನಲ್ಲಿ. ಆ ತಿಂಗಳು ನಮ್ಮಲ್ಲಿ ಆಕಾಶ ಎಲ್ಲಿರುತ್ತದೆ!