ನಮ್ಮತ್ತೆಗೆ ಕಿವಿ ಕೇಳಿಸುತ್ತೆ

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನಂಗೆ ಕೇಳ್ಸತ್ತೆ ಕಣೇ. ನಾನು ಕೇಳಲ್ಲ, ಅಷ್ಟೆ."

ಹೇಳಿದ್ದು ನಮ್ಮತ್ತೆ.

ಮಾರನೇ ದಿನ ಮಗಳಿಗೆ ಇಂಗ್ಲಿಷ್ ಟೆಸ್ಟ್ ಇತ್ತು. ಹಿಯರ್‌ಗೂ ಲಿಸನ್‌ಗೂ ಏನಮ್ಮಾ ವ್ಯತ್ಯಾಸ ಅಂತ ಪೀಡಿಸುತ್ತಿದ್ದಳು. ಟ್ಯೂಷನ್ ಮಿಸ್ಸು ಎರಡಕ್ಕೂ "ಕೇಳು" ಅಂತಲೇ ಬರೆಸಿದ್ದಾರೆ. ಮೇಲಿನ ಸಾಲಲ್ಲಿ ಆಸ್ಕ್‌ಗೂ "ಕೇಳು". ಇದಕ್ಕೆ ತಿಂಗಳಿಗೆ 800 ರೂಪಾಯಿ!

ನಾನು ಕೋಲಾರದ ಟೊಮೆಟೊ ಮಂಡಿ ನೆನಪಿಸಿದೆ. ಹರಾಜು ಕೂಗೋದು ಅಲ್ಲಿದ್ದವರಿಗೆಲ್ಲ ಕೇಳಿಸುತ್ತೆ, ಅದು ಹಿಯರ್. ನಮ್ಮ ಬಾಕ್ಸ್‌ಗಳ ಸರದಿ ಬಂದಾಗ ಅಪ್ಪ ಟೀ ಲೋಟ ಕೆಳಗಿಟ್ಟು ಕಿವಿ ಕೊಡ್ತಾರಲ್ಲ, ಅದು ಲಿಸನ್. ಹ್ಞೂಂ ಅಂದಳು. ಆಮೇಲೆ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕಡೆ ತಿರುಗಿ, "ಅಜ್ಜೀ, ನಿಂಗೆ ಕಿವಿ ಕೇಳ್ಸಲ್ಲ ಅಲ್ವಾ, ಅದು ಹಿಯರಾ, ಲಿಸನ್ನಾ?" ಅಂತ ಕಿರುಚಿದಳು.

ಅತ್ತೆ ತಲೆ ಕೂಡ ಎತ್ತಲಿಲ್ಲ. ಆ ಮಾತು ಹೇಳಿ ಇನ್ನೊಂದು ಕಾಯಿ ಬಿಡಿಸಿದರು.

ನಂಗೆ ಕೇಳ್ಸತ್ತೆ, ನಾನು ಕೇಳಲ್ಲ. ಮಿಸ್ಸಿಗೆ ಹೊಳೆಯದ್ದು ಇವರ ಬಾಯಲ್ಲಿ ಸಲೀಸಾಗಿ ಬಂತು. ಇಂಗ್ಲಿಷಿನವರು ಎರಡು ಕಡೆಯೂ "ಐ" ಅಂತಾರೆ. ನಮ್ಮಲ್ಲಿ ಶಬ್ದ ತಾನಾಗಿ ಬಂದು ಬಿದ್ದರೆ "ನಂಗೆ", ನಾವಾಗಿ ಕಿವಿ ಕೊಟ್ಟರೆ "ನಾನು". ನಂಗೆ ಕಾಣಿಸ್ತು, ನಾನು ನೋಡಿದೆ. ಸೀ, ಲುಕ್ ಕೂಡ ಹೀಗೇ ಅಲ್ವಾ! ಪಕ್ಕದ ಮನೆಯವರದು ತೆಲುಗು. ಪ್ರಶ್ನೆ ಕೇಳೋಕೆ ಅಡುಗು, ಮಾತು ಕೇಳೋಕೆ ವಿನು, ನಮಗಿರೋ ಗೊಂದಲ ಅರ್ಧ ಅವರಿಗಿಲ್ಲ.

ಮಗಳು ಖುಷಿಯಾಗಿ ಬರೆದುಕೊಂಡಳು. "ಲಿಸನ್ ಟು" ಅನ್ನಬೇಕು, ಹಿಯರ್‌ಗೆ ಆ "ಟು" ಬೇಡ ಅಂತ ಹೇಳಿಕೊಟ್ಟೆ. ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ.

ನಾಲ್ಕು ವರ್ಷದಿಂದ ನಾನು ಈ ಮನೆಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದೀನಿ. ಮಾತ್ರೆ ತಗೊಳ್ಳಿ, ಉಪ್ಪಿನಕಾಯಿ ಸಾಕು, ಬಿಸಿಲಲ್ಲಿ ಹೋಗಬೇಡಿ. ಕಿವಿ ಮಿಷಿನ್ ತರಿಸೋಣ ಅಂತ ಗಂಡನ ಹತ್ತಿರ ಜಗಳ ಬೇರೆ. ಅತ್ತೆ ಹಠಮಾರಿ ಅಂತ ಗೊತ್ತಿತ್ತು. ಇಷ್ಟು ಜಾಸ್ತಿ ಅಂತ ಗೊತ್ತಿರಲಿಲ್ಲ. ಆದರೂ ನಿಜ ಹೇಳಬೇಕಂದ್ರೆ, ಅವರಿಗೆ ದಿನವಿಡೀ ಬೀಳೋದು ಬರೀ ಆರ್ಡರ್‌ಗಳೇ. ನಾನಾಗಿದ್ದರೂ ಕಿವುಡಿ ಆಗಿಬಿಡುತ್ತಿದ್ದೆನೇನೋ.

ಅದೂ ಹೋಗಲಿ. ಕಿವಿ ಕೇಳಿಸಲ್ಲ ಅಂತ ಧೈರ್ಯವಾಗಿ ಅಡುಗೆಮನೆಯಲ್ಲಿ ನಿಂತು ತಂಗಿ ಜೊತೆ ಫೋನಲ್ಲಿ ಏನೆಲ್ಲ ಮಾತಾಡಿದ್ದೀನಿ! ಯುಗಾದಿ ಸೀರೆ ವಿಷಯ. ನಾದಿನಿ ವಿಷಯ. ಅದೆಲ್ಲ ಹಿಯರ್ ಆಯ್ತಾ, ಲಿಸನ್ ಆಯ್ತಾ?

ನಿನ್ನೆ ತಂಗಿ ಫೋನ್ ಬಂತು. ಮೆಲ್ಲಗೆ ಬಾಗಿಲು ಮುಂದಕ್ಕೆ ಮಾಡಿ ಪಿಸುಗುಟ್ಟುತ್ತಿದ್ದೆ.

"ಬಾಗಿಲು ಯಾಕಮ್ಮ ಹಾಕ್ದೆ, ಸೆಕೆ ಆಗಲ್ವಾ?" ಅಂದರು ಹಜಾರದಿಂದ.