ಪರದೆಯ ಹಿಂದೆ ಆಕೆ

30 ನವೆಂಬರ್ 2025, ಭಾನುವಾರ

ಇಂದು ಐರಿಷ್ ನಾಟಕಕಾರ ಆಸ್ಕರ್ ವೈಲ್ಡ್ ತೀರಿಕೊಂಡ ದಿನ. 1900ರಲ್ಲಿ, ಪ್ಯಾರಿಸ್ಸಿನ ಹೋಟೆಲ್ ಕೋಣೆಯೊಂದರಲ್ಲಿ, 46 ವರ್ಷಕ್ಕೇ.

ಬೆಳಿಗ್ಗೆ ಅಣ್ಣ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸಿದ್ದ. ಕಪ್ಪು ಆಕಾಶ, ಅದರ ಮೇಲೆ ವೈಲ್ಡ್‌ನ ಮಾತು: "ನಾವೆಲ್ಲ ಬಿದ್ದಿರುವುದು ಚರಂಡಿಯಲ್ಲೇ, ಆದರೆ ಕೆಲವರ ಕಣ್ಣು ನಕ್ಷತ್ರಗಳ ಮೇಲಿದೆ."

ಈ ಮಾತನ್ನು ಯಾರೂ ಸುವಿಚಾರವಾಗಿ ಹೇಳಿದ್ದಲ್ಲ. ಊಟವಾದ ಮೇಲೆ, ಆ ಮಾತು ಬರುವ ಆತನ ನಾಟಕ 'ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್' ತೆಗೆದು ಮೂರನೇ ಅಂಕವನ್ನು ಮತ್ತೆ ಓದಿದೆ. ಸರಿರಾತ್ರಿ, ಲಾರ್ಡ್ ಡಾರ್ಲಿಂಗ್ಟನ್‌ನ ಕೋಣೆ, ಗೆಳೆಯರ ಹರಟೆ. ಮೊದಲ ಅಂಕದಲ್ಲಿ "ಆಸೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಡೆದುಕೊಳ್ಳಬಲ್ಲೆ" ಎಂದು ಚಟಾಕಿ ಹಾರಿಸಿದವನೂ ಇವನೇ. ಈಗ ಅವನ ಬಾಯಲ್ಲಿ ನಕ್ಷತ್ರದ ಮಾತು ಬಂದ ತಕ್ಷಣ ಗೆಳೆಯರು ಹಿಡಿದುಬಿಡುತ್ತಾರೆ: ನೀನು ಯಾರನ್ನೋ ಪ್ರೀತಿಸುತ್ತಿದ್ದೀಯ, ಯಾರು ಆಕೆ? ಅವನು ಪ್ರೀತಿಸುವ ಹೆಣ್ಣು ಅದೇ ಕೋಣೆಯ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಅದು ಅವನಿಗೇ ಗೊತ್ತಿಲ್ಲ. ಆಕೆಯ ಗಂಡ ಅಲ್ಲೇ ಕುಳಿತಿದ್ದಾನೆ. ಆಕೆ ಬಿಟ್ಟ ಬೀಸಣಿಗೆ ಸೋಫಾದ ಮೇಲಿದೆ. ಇನ್ನೇನು ಯಾರದಾದರೂ ಕಣ್ಣಿಗೆ ಬೀಳಬೇಕು. ಇಷ್ಟೆಲ್ಲ ಭಾರ ಹೊತ್ತು ಬಂದ ಮಾತು ಅದು. ಓದುವಾಗ ಇವತ್ತೂ ಎದೆ ಹೊಡೆದುಕೊಂಡಿತು.

ವೈಲ್ಡ್‌ನ ಚತುರೋಕ್ತಿಗಳನ್ನು ಬರೀ ಮಾತಿನ ಮೋಡಿ ಎನ್ನುವವರ ಜೊತೆ ನಾನು ಎಂದೂ ಒಪ್ಪಿಲ್ಲ. ಮಾತಿನ ಬೆಲೆಯನ್ನು ಆತನಷ್ಟು ತೆತ್ತವರು ಕಡಿಮೆ. 1895ರ ಏಪ್ರಿಲ್, ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯ. ತನ್ನನ್ನು ಸಲಿಂಗಕಾಮಿ ಎಂದು ಹಳಿದವನ ಮೇಲೆ ತಾನೇ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ವೈಲ್ಡ್‌ಗೆ ಪಾಟೀಸವಾಲು. ಅತ್ತ ರಂಗಮಂದಿರದಲ್ಲಿ ಆತನ ಹೊಸ ನಾಟಕಕ್ಕೆ ಜನ ನಗುತ್ತಿದ್ದರು. ಇತ್ತ ಎದುರಾಳಿಯ ವಕೀಲ ಎಡ್ವರ್ಡ್ ಕಾರ್ಸನ್ ಕೇಳಿದ, ಒಬ್ಬ ಆಳು ಹುಡುಗನ ಹೆಸರೆತ್ತಿ, ಅವನಿಗೆ ಮುತ್ತು ಕೊಟ್ಟಿದ್ದೆಯಾ ಎಂದು. ಇಲ್ಲ ಎಂದಿದ್ದರೆ ಸಾಕಿತ್ತು. ಇಲ್ಲ, ಅವನು ನೋಡಲು ಚೆನ್ನಾಗಿರಲಿಲ್ಲ ಎಂದುಬಿಟ್ಟ ವೈಲ್ಡ್. ಕಾರ್ಸನ್ ಅದೇ ಎಳೆಯನ್ನು ಹಿಡಿದು ಮತ್ತೆ ಮತ್ತೆ ಜಗ್ಗಿದ, ವೈಲ್ಡ್ ತಡವರಿಸಿದ. ಸಲಿಂಗಕಾಮ ಆಗ ಅಪರಾಧ. ಮೇ 25ಕ್ಕೆ, ಅದೇ ಆರೋಪದ ಬೇರೊಂದು ವಿಚಾರಣೆಯಲ್ಲಿ, ಎರಡು ವರ್ಷ ಕಠಿಣ ಸಜೆ.

ಸಂಜೆ ಅಣ್ಣನಿಗೆ ಫೋನ್ ಮಾಡಿ ಪರದೆಯ ಕಥೆ ಹೇಳಿದೆ. "ಆಮೇಲೆ ಬೀಸಣಿಗೆ ಏನಾಯಿತು?" ಎಂದು ಕೇಳಿದ. ಹೇಳಲಿಲ್ಲ. ಪುಸ್ತಕವನ್ನೇ ನಾಳೆ ಕೊರಿಯರ್ ಮಾಡುತ್ತೇನೆ.